ಮೈಸೂರಿನ ಅಳಿಯ ಸರ್ ದೊರಾಬ್ಜಿ ಟಾಟಾ

ಜೋಗೇಶ್ವರಿಯ ಕನ್ನಡ ಮನೆಗಳಿಗೆ ಊರಿನಿಂದ ಬರುವ ಸುದ್ದಿಗಳಲ್ಲಿ ಒಂದನ್ನು ನಾವೆಲ್ಲರೂ ಬಲ್ಲೆವು. ಹಿಂದೆ ಅದು ಕಾಗದದಲ್ಲಿ ಬರುತ್ತಿತ್ತು, ಈಗ ಫೋನಿನಲ್ಲಿ ಬರುತ್ತದೆ. ಬೆಳಗಾವಿಯ ಕಡೆಯ ಅತ್ತಿಗೆಗೋ, ವಿಜಯಪುರದ ಸೋದರಮಾವನಿಗೋ, ಕುಂದಾಪುರದ ನೆರೆಮನೆಯ ಹುಡುಗನಿಗೋ ಮೈ ನೆಟ್ಟಗಿಲ್ಲ; ಟಾಟಾಕ್ಕೆ ಒಮ್ಮೆ ತೋರಿಸಿರೆಂದು ಅಲ್ಲಿನ ಡಾಕ್ಟರು ಹೇಳಿದ್ದಾರೆ; ನಾಲ್ಕು ದಿನ ನಿಮ್ಮಲ್ಲಿ ಇಳಿದುಕೊಳ್ಳಬಹುದೇ ಎಂದು ಕೇಳುವ ಸುದ್ದಿ ಅದು. ನಮ್ಮ ಮನೆಯೋ ಒಂದೂವರೆ ಕೋಣೆಯದು. ಆದರೂ ಬೇಡವೆನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಬಂದವರಿಗೆ ಒಳಗೆ ಹಾಸಿಕೊಟ್ಟು, ಮನೆಯವರು ಬಾಗಿಲ ಬಳಿ ಮಲಗಿ, ನಸುಕಿನಲ್ಲೆದ್ದು ಅವರನ್ನು ಸ್ಲೋ ಗಾಡಿಯಲ್ಲಿ ಕೂರಿಸಿಕೊಂಡು ಪ್ರಭಾದೇವಿಯಲ್ಲಿ ಇಳಿಸಿ, ಎಕ್ಸ್‌ರೇ ಚೀಲವನ್ನು ಬಗಲಲ್ಲಿಟ್ಟುಕೊಂಡು ಪರೇಲಿನ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಿಸಿ, ಆಮೇಲೆ ಆಫೀಸಿಗೆ ಓಡುವುದು ನಮ್ಮಲ್ಲಿ ಎಷ್ಟೋ ಮಂದಿಗೆ ಒಂದು ವ್ರತದಂತೆ ನಡೆದುಬಂದಿದೆ.

ಹೀಗೆ ಸಾಲಿನಲ್ಲಿ ನಿಂತಿದ್ದಾಗ ಒಮ್ಮೆ ಊರಿನಿಂದ ಬಂದ ಹಿರಿಯರೊಬ್ಬರು ನನ್ನನ್ನು ಒಂದು ಪ್ರಶ್ನೆ ಕೇಳಿದರು. ಉಪ್ಪು, ಉಕ್ಕು, ಲಾರಿಗಳನ್ನು ಮಾಡುವವರಿಗೆ ಈ ರೋಗದ ಗೊಡವೆ ಹೇಗೆ ಬಂತು ಎಂಬುದೇ ಅವರ ಪ್ರಶ್ನೆ. ನನಗೆ ಆಗ ಉತ್ತರ ತಿಳಿದಿರಲಿಲ್ಲ. ತಿಳಿದುಕೊಂಡ ಮೇಲೆ, ಈ ಕಥೆಯ ಬೇರು ನಮ್ಮ ಬೆಂಗಳೂರು ಮೈಸೂರುಗಳಲ್ಲಿಯೂ ಇದೆಯೆಂಬುದನ್ನು ಕಂಡು ಆಶ್ಚರ್ಯವಾಯಿತು. ರಾಜ್ಯೋತ್ಸವದ ಈ ಸಂಚಿಕೆಯಲ್ಲಿ ಪಾರ್ಸಿ ಸಾಹುಕಾರರೊಬ್ಬರ ಚರಿತ್ರೆಯೇಕೆಂದು ವಾಚಕರು ಕೇಳಿಯಾರು. ಅವರು ಕನ್ನಡನಾಡಿನಲ್ಲಿ ಬೆಳೆದ ಹೆಣ್ಣುಮಗಳ ಕೈಹಿಡಿದವರು. ಆಕೆಯನ್ನು ಕಳೆದುಕೊಂಡ ದುಃಖದಲ್ಲಿ ಅವರು ಮಾಡಿದ ಕೆಲಸದ ಫಲವನ್ನು ನಮ್ಮವರು ಇಂದಿಗೂ ಉಣ್ಣುತ್ತಿದ್ದಾರೆ. ಇಷ್ಟು ಕಾರಣ ಸಾಕೆಂದು ಭಾವಿಸುತ್ತೇನೆ.

ದೊರಾಬ್ಜಿಯವರು 1859ನೆಯ ಇಸವಿ ಆಗಸ್ಟ್ 27ರಂದು ಮುಂಬಯಿಯಲ್ಲಿ ಜನಿಸಿದರು. ತಂದೆ ಜಮ್‌ಸೇಟ್‌ಜಿ ಟಾಟಾ ಅವರು ಆಗಿನ್ನೂ ಇಪ್ಪತ್ತು ವರ್ಷದ ತರುಣರು. ಮುಂದೆ ಅವರು ಕಟ್ಟಿದ ಉದ್ಯಮಗಳ ಸುಳಿವೂ ಆಗ ಇರಲಿಲ್ಲ. ಮಗನನ್ನು 1875ರಲ್ಲಿ ಇಂಗ್ಲೆಂಡಿಗೆ ಕಳುಹಿಸಿದರು. ಅಲ್ಲಿ ಕೇಂಬ್ರಿಜ್‌ನ ಗಾನ್‌ವಿಲ್ ಮತ್ತು ಕೀಸ್ ಕಾಲೇಜಿನಲ್ಲಿ ಎರಡು ವರ್ಷ ಓದಿ, ಓದಿದ್ದಕ್ಕಿಂತ ಹೆಚ್ಚಾಗಿ ಕ್ರಿಕೆಟ್, ಫುಟ್‌ಬಾಲ್, ಕುದುರೆ ಸವಾರಿಗಳಲ್ಲಿ ಪಳಗಿ, 1879ರಲ್ಲಿ ಹಿಂದಿರುಗಿದರು. ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನಿಂದ 1882ರಲ್ಲಿ ಪದವೀಧರರಾದರು. ಧನಿಕರ ಮಗನಾದರೂ ತಂದೆ ಅವರನ್ನು ನೇರವಾಗಿ ಗಾದಿಯ ಮೇಲೆ ಕೂರಿಸಲಿಲ್ಲ. ಎರಡು ವರ್ಷ ಬಾಂಬೆ ಗೆಜೆಟ್ ಪತ್ರಿಕೆಯಲ್ಲಿ ವರದಿಗಾರರಾಗಿ ದುಡಿದು, ಆಮೇಲೆ 1884ರಲ್ಲಿ ತಂದೆಯ ಹತ್ತಿ ವ್ಯಾಪಾರಕ್ಕೆ ಸೇರಿ, ಪಾಂಡಿಚೇರಿಗೆ ಹೋಗಿ, ಅಲ್ಲಿಂದ ನಾಗಪುರದ ಎಂಪ್ರೆಸ್ ಮಿಲ್ಲಿನಲ್ಲಿ ಕೆಲಸ ಕಲಿತರು.

ಇತ್ತ ಮೈಸೂರು ಸಂಸ್ಥಾನದಲ್ಲಿ ಹೊರ್ಮಸ್‌ಜಿ ಭಾಭಾ ಎಂಬ ಪಾರ್ಸಿ ವಿದ್ವಾಂಸರಿದ್ದರು. ವಿಲಾಯತಿಯಲ್ಲಿ ಓದಿ ಬಂದವರು. ಮೈಸೂರಿನ ಮಹಾರಾಜಾ ಕಾಲೇಜಿನ ಪ್ರಿನ್ಸಿಪಾಲರಾಗಿಯೂ ಸಂಸ್ಥಾನದ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿಯೂ ನಮ್ಮ ನಾಡಿನ ಶಿಕ್ಷಣಕ್ಕೆ ದುಡಿದವರು. ಅವರ ಮಗಳೇ ಮೆಹರ್‌ಬಾಯಿ. 1879ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಈ ಹುಡುಗಿ ಐದರ ವಯಸ್ಸಿಗೆ ತಂದೆತಾಯಿಗಳೊಡನೆ ಬೆಂಗಳೂರಿಗೆ ಬಂದು ಬಿಷಪ್ ಕಾಟನ್ ಶಾಲೆಯಲ್ಲಿ ಅಕ್ಷರ ಕಲಿತಳು. ಅನಂತರ ಮೈಸೂರಿನಲ್ಲಿ ತಂದೆಯ ಗ್ರಂಥಭಂಡಾರವೇ ಅವಳ ಪಾಠಶಾಲೆಯಾಯಿತು. ಪಿಯಾನೋ ಬಾರಿಸುವುದು, ಕುದುರೆ ಏರುವುದು, ಟೆನಿಸ್ ಆಡುವುದು ಎಲ್ಲವೂ ಆಕೆಗೆ ಬರುತ್ತಿತ್ತು.

ಜಮ್‌ಸೇಟ್‌ಜಿಯವರಿಗೆ ಮೈಸೂರು ಹೊಸದಲ್ಲ. ಬೆಂಗಳೂರಿನ ಬಸವನಗುಡಿಯ ಬಳಿ ರೇಷ್ಮೆಯ ತೋಟವನ್ನು ಹೂಡಿದವರು ಅವರು. ಆ ಬಡಾವಣೆಗೆ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಇಂದಿಗೂ ಉಳಿದಿದೆ. ಭಾಭಾ ಅವರ ಮನೆಗೆ ಹೋಗಿ ಬಂದಿದ್ದ ಆ ಹಿರಿಯರು, ಮೈಸೂರಿಗೆ ಹೊರಟ ಮಗನಿಗೆ ಅಲ್ಲಿಗೂ ಒಮ್ಮೆ ಹೋಗಿ ಬಾ ಎಂದು ಸೂಚಿಸಿದರಂತೆ. ಮನಸ್ಸಿನಲ್ಲಿ ಏನಿತ್ತೆಂಬುದನ್ನು ಬಿಡಿಸಿ ಹೇಳಲಿಲ್ಲ. ಮಗ ಹೋದರು, ನೋಡಿದರು, ಮೆಚ್ಚಿದರು. 1898ರ ಫೆಬ್ರವರಿ 14ರಂದು ಮದುವೆಯಾಯಿತು. ವರನಿಗೆ ಮೂವತ್ತೆಂಟು, ವಧುವಿಗೆ ಹದಿನೆಂಟು. ಇಪ್ಪತ್ತು ವರ್ಷಗಳ ಅಂತರದ ಈ ಸಂಬಂಧಕ್ಕೆ ಇಂದು ನಾವು ಹುಬ್ಬೇರಿಸುತ್ತೇವೆ, ಅದು ಸಹಜವೇ. ಆದರೆ ಅವರ ಮೂವತ್ತಮೂರು ವರ್ಷಗಳ ದಾಂಪತ್ಯವನ್ನು ನೋಡಿದರೆ ಒಬ್ಬರನ್ನು ಬಿಟ್ಟು ಇನ್ನೊಬ್ಬರು ಇದ್ದಂತೆ ಕಾಣುವುದಿಲ್ಲ. ಮಕ್ಕಳಾಗಲಿಲ್ಲ ಎಂಬುದೊಂದೇ ಕೊರತೆ.

ಮದುವೆಯಾದ ಹೊಸತರಲ್ಲಿ ದೊರಾಬ್ಜಿಯವರು ಹೆಂಡತಿಗೆ ಒಂದು ವಜ್ರವನ್ನು ತಂದುಕೊಟ್ಟರು. ದಕ್ಷಿಣ ಆಫ್ರಿಕದ ಗಣಿಯಲ್ಲಿ ದೊರೆತು, ವಿಕ್ಟೋರಿಯಾ ರಾಣಿಯ 1897ರ ವಜ್ರಮಹೋತ್ಸವದ ನೆನಪಿಗೆ ಜ್ಯೂಬಿಲಿ ಎಂದು ಹೆಸರು ಪಡೆದ ಆ ಹರಳಿನ ತೂಕ 245 ಕ್ಯಾರಟ್ಟಿಗೂ ಹೆಚ್ಚು. ನಮ್ಮ ಕೊಹಿನೂರ್ ಈಗಿರುವ ರೂಪದಲ್ಲಿ ಅದರ ಅರ್ಧಕ್ಕೂ ಕಡಿಮೆ. ಇಂಥ ಒಡವೆಯ ಮಾತು ಬಂದರೆ ನಮಗೆ ಸಿರಿವಂತರ ಮೆರೆತವೇ ನೆನಪಾಗುತ್ತದೆ. ಈ ಹರಳಿನ ಹಣೆಬರಹ ಬೇರೆಯಾಗಿತ್ತು. ಅದು ಎರಡು ಸಲ ಪೆಟ್ಟಿಗೆಯಿಂದ ಹೊರಬಿದ್ದು ಬೇರೆಯವರ ಕೆಲಸಕ್ಕೆ ಒದಗಿತು.

1904ರಲ್ಲಿ ಜಮ್‌ಸೇಟ್‌ಜಿಯವರು ಜರ್ಮನಿಯಲ್ಲಿ ತೀರಿಕೊಂಡಾಗ ಅವರ ದೊಡ್ಡ ಕನಸುಗಳಾದ ಉಕ್ಕಿನ ಕಾರ್ಖಾನೆ, ಜಲವಿದ್ಯುತ್ತು, ವಿಜ್ಞಾನದ ವಿದ್ಯಾಲಯ ಮೂರೂ ಕಾಗದದ ಮೇಲೆಯೇ ಇದ್ದವು. ತಂದೆಯ ಕನಸನ್ನು ಮಕ್ಕಳು ಹಂಚಿಕೊಂಡು ತಿಂದ ಕಥೆಗಳು ಲೋಕದಲ್ಲಿ ಬೇಕಾದಷ್ಟಿವೆ. ದೊರಾಬ್ಜಿ ಮತ್ತು ಅವರ ತಮ್ಮ ರತನ್‌ಜಿ ಹಾಗೆ ಮಾಡಲಿಲ್ಲ. ಉಕ್ಕಿನ ಅದಿರಿಗಾಗಿ ದೊರಾಬ್ಜಿಯವರು ಎತ್ತಿನ ಗಾಡಿಯ ದಾರಿಗಳಲ್ಲಿ ಅಲೆದವರು. ನಾಗಪುರದಲ್ಲಿ ಅಧಿಕಾರಿಯೊಬ್ಬರಿಗಾಗಿ ಕಾದು ಬೇಸತ್ತು, ಎದುರಿನ ವಸ್ತು ಸಂಗ್ರಹಾಲಯಕ್ಕೆ ಸುಮ್ಮನೆ ಹೊಕ್ಕಾಗ, ಗೋಡೆಯ ಮೇಲಿನ ಭೂಗರ್ಭ ನಕ್ಷೆಯಲ್ಲಿ ದುರ್ಗ್ ಜಿಲ್ಲೆ ಕಬ್ಬಿಣದ ಗುರುತಿನ ಬಣ್ಣದಿಂದ ತುಂಬಿದ್ದನ್ನು ಕಂಡರೆಂಬ ಸಂಗತಿ ಪ್ರಸಿದ್ಧವಾಗಿದೆ. 1907ರಲ್ಲಿ ಕಂಪನಿಯ ಷೇರುಗಳನ್ನು ಹೊರಡಿಸಿದಾಗ ಲಂಡನ್ನಿನ ಸಾಹುಕಾರರು ಮುಖ ತಿರುಗಿಸಿದರು. ಮುಂಬಯಿಯಲ್ಲಿ ಮೂರೇ ವಾರಗಳಲ್ಲಿ ಸುಮಾರು 8000 ಮಂದಿ ಭಾರತೀಯರು ಬಂಡವಾಳವನ್ನು ತುಂಬಿಕೊಟ್ಟರು. 1912ರಲ್ಲಿ ಸಾಕ್ಚಿಯಲ್ಲಿ ಮೊದಲ ಉಕ್ಕು ಹರಿಯಿತು. ಆ ಊರೇ 1919ರಲ್ಲಿ ಜಮ್‌ಶೇದ್‌ಪುರವೆಂದು ಹೆಸರಾಯಿತು. ನಮ್ಮ ವಿಶ್ವೇಶ್ವರಯ್ಯನವರು 1927ರಿಂದ ಬಹುಕಾಲ ಆ ಕಂಪನಿಯ ನಿರ್ದೇಶಕರಲ್ಲಿ ಒಬ್ಬರಾಗಿದ್ದರು.

ವಿಜ್ಞಾನದ ವಿದ್ಯಾಲಯದ ಮಾತನ್ನಂತೂ ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಜಮ್‌ಸೇಟ್‌ಜಿ ತಮ್ಮ ಆಸ್ತಿಯ ಅರ್ಧವನ್ನು ಅದಕ್ಕೆ ತೆಗೆದಿರಿಸಿದ್ದರು. ಮೈಸೂರಿನ ಸರ್ಕಾರ 371 ಎಕರೆ ಭೂಮಿಯನ್ನು ಕೊಟ್ಟಿತು. ಮಕ್ಕಳಿಬ್ಬರೂ ತಮಗೆ ಬರಬಹುದಾಗಿದ್ದ ಆ ಆಸ್ತಿಯ ಆಸೆಯನ್ನು ಬಿಟ್ಟು ಬ್ರಿಟಿಷ್ ಸರ್ಕಾರದ ತಡೆಗಳನ್ನು ಸವೆಸಿ 1909ರಲ್ಲಿ ಅದನ್ನು ಸ್ಥಾಪನೆ ಮಾಡಿಸಿದರು. ಬೆಂಗಳೂರಿನ ಜನ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತ ಬಂದಿದ್ದಾರೆ. ಮುಂಬಯಿಯ ಗಿರಣಿಗಳಿಗೆ ಖೋಪೋಲಿಯಿಂದ ವಿದ್ಯುತ್ತು ಬಂದದ್ದು 1915ರಲ್ಲಿ. ಇದಕ್ಕೆ ಮುಂಚೆಯೇ, 1910ರಲ್ಲಿ, ದೊರಾಬ್ಜಿಯವರಿಗೆ ಸರ್ ಪದವಿ ಬಂದಿತ್ತು.

ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಪುಣೆಯ ಡೆಕ್ಕನ್ ಜಿಮ್‌ಖಾನಾದ ಪಂದ್ಯದಲ್ಲಿ ಬರಿಗಾಲಿನಲ್ಲಿ ಓಡುತ್ತಿದ್ದ ರೈತರ ಮಕ್ಕಳನ್ನು ನೋಡಿ, ಇವರನ್ನು ಒಲಿಂಪಿಕ್ ಪಂದ್ಯಕ್ಕೆ ಕಳುಹಿಸಬೇಕೆಂದು ಪಟ್ಟು ಹಿಡಿದವರು ದೊರಾಬ್ಜಿ. 1920ರಲ್ಲಿ ಆಂಟ್‌ವರ್ಪಿಗೆ ಹೋದ ಆ ಸಣ್ಣ ತಂಡದ ಖರ್ಚಿನಲ್ಲಿ ಅವರ ಸ್ವಂತ ಹಣವೂ ಸೇರಿತ್ತು. ಆ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಇದ್ದರು. ಮ್ಯಾರಥಾನ್ ಓಟದಲ್ಲಿ ಹತ್ತೊಂಬತ್ತನೆಯವರಾಗಿ ಬಂದರು.

ಮೆಹರ್‌ಬಾಯಿಯವರೂ ಮನೆಯಲ್ಲಿ ಕುಳಿತು ಒಡವೆ ನೋಡಿಕೊಂಡಿದ್ದವರಲ್ಲ. ಸೀರೆಯುಟ್ಟೇ ಟೆನಿಸ್ ಆಡಿ ಹತ್ತಾರು ಬಹುಮಾನಗಳನ್ನು ಗೆದ್ದರು. ಹೆಣ್ಣುಮಕ್ಕಳಿಗೆ ವಿದ್ಯೆ ಬೇಕು, ಪರದೆ ಹೋಗಬೇಕು, ಬಾಲ್ಯವಿವಾಹ ನಿಲ್ಲಬೇಕು ಎಂದು ದೇಶದಲ್ಲಿಯೂ ಪರದೇಶದಲ್ಲಿಯೂ ವಾದಿಸಿದರು. 1927ರಲ್ಲಿ ಅಮೇರಿಕದ ಸಭೆಯೊಂದರಲ್ಲಿ ಈ ಕುರಿತು ಮಾತನಾಡಿದರು. ಎರಡು ವರ್ಷಗಳ ಮೇಲೆ ಶಾರದಾ ಕಾಯಿದೆ ಬಂತು. ಭಾರತದ ಮಹಿಳೆಯರ ರಾಷ್ಟ್ರೀಯ ಮಂಡಳಿಯನ್ನು ಕಟ್ಟಿದವರಲ್ಲಿ ಅವರೂ ಒಬ್ಬರು.

ಯುದ್ಧ ಮುಗಿದ ಮೇಲೆ ಉಕ್ಕಿನ ಬೆಲೆ ಬಿದ್ದುಹೋಯಿತು. ಕಂಪನಿಯ ದೊಡ್ಡ ಗಿರಾಕಿಯಾಗಿದ್ದ ಜಪಾನು 1923ರ ಭೂಕಂಪದಲ್ಲಿ ನೆಲಕಚ್ಚಿತು. 1924ರಲ್ಲಿ ಜಮ್‌ಶೇದ್‌ಪುರದಿಂದ ಬಂದ ತಂತಿಯಲ್ಲಿ, ಕೆಲಸಗಾರರಿಗೆ ಸಂಬಳ ಕೊಡಲು ಹಣವಿಲ್ಲವೆಂದಿತ್ತು. ದೊರಾಬ್ಜಿಯವರು ತಮ್ಮ ಸ್ವಂತ ಆಸ್ತಿಯಷ್ಟನ್ನೂ, ಸುಮಾರು ಒಂದು ಕೋಟಿ ರೂಪಾಯಿಯಷ್ಟನ್ನು, ಇಂಪೀರಿಯಲ್ ಬ್ಯಾಂಕಿನಲ್ಲಿ ಅಡವಿಟ್ಟು ಸಾಲ ತಂದರು. ಅದರಲ್ಲಿ ಮೆಹರ್‌ಬಾಯಿಯವರ ಒಡವೆಗಳೂ ಇದ್ದವು, ಜ್ಯೂಬಿಲಿ ವಜ್ರವೂ ಇತ್ತು. ಸಂಸಾರ ಮಾಡುವವರಿಗೆಲ್ಲ ಗೊತ್ತು, ಹೆಂಡತಿಯ ಕೊರಳಿನದನ್ನು ಕೇಳಲು ಗಂಡನಿಗೆ ಎಷ್ಟು ಕಷ್ಟವೆಂಬುದು. ತೆಗೆದುಕೊಡುವುದು ಅದಕ್ಕಿಂತಲೂ ಕಷ್ಟ. ಆಕೆ ಕೊಟ್ಟರು. ಕಂಪನಿ ಉಳಿಯಿತು, ಅಡವಿಟ್ಟದ್ದು ಬಿಡಿಸಿಕೊಂಡು ಬಂದದ್ದಾಯಿತು.

ಬಿಡಿಸಿಕೊಳ್ಳಲಾಗದ ನಷ್ಟ ಬಂದದ್ದು 1931ರಲ್ಲಿ. ಮೆಹರ್‌ಬಾಯಿಯವರಿಗೆ ಲ್ಯೂಕೀಮಿಯಾ ಎಂಬ ರಕ್ತದ ಕ್ಯಾನ್ಸರ್ ಹಿಡಿದಿತ್ತು. ನಮ್ಮ ಎಲುಬಿನೊಳಗಿನ ಮಜ್ಜೆಯಲ್ಲಿ ರಕ್ತಕಣಗಳು ಹುಟ್ಟುತ್ತವೆ. ಈ ರೋಗದಲ್ಲಿ ಬಲಿಯದ ಬಿಳಿಯ ಕಣಗಳು ಲಗಾಮಿಲ್ಲದೆ ಹೆಚ್ಚಿ, ಒಳ್ಳೆಯ ಕಣಗಳಿಗೆ ಜಾಗವಿಲ್ಲದಂತೆ ಮಾಡುತ್ತವೆ. ರೋಗಿ ಬಿಳಿಚಿಕೊಳ್ಳುತ್ತಾನೆ, ಜ್ವರ ಬಿಡುವುದಿಲ್ಲ, ಸಣ್ಣ ಗಾಯದ ರಕ್ತವೂ ನಿಲ್ಲುವುದಿಲ್ಲ. ರೋಗಕ್ಕೆ ಹೆಸರಿಟ್ಟು ಎಂಬತ್ತು ವರ್ಷಗಳಾಗಿದ್ದರೂ ಅಂದಿನ ವೈದ್ಯರ ಕೈಯಲ್ಲಿ ಇದ್ದದ್ದು ಕ್ಷಕಿರಣ ಮತ್ತು ಪಾಷಾಣದ ಔಷಧಿ ಮಾತ್ರ. ಅವುಗಳಿಂದ ಕೆಲವರಿಗೆ ಕೆಲವು ಕಾಲ ಉಪಶಮನವಾಗುತ್ತಿತ್ತೇ ಹೊರತು ಗುಣವೆಂಬುದಿರಲಿಲ್ಲ. ಜೂನ್ 18ರಂದು ಇಂಗ್ಲೆಂಡಿನ ಪಕ್ಕದ ವೇಲ್ಸಿನ ಶುಶ್ರೂಷಾಲಯವೊಂದರಲ್ಲಿ ಆಕೆ ಕಣ್ಣುಮುಚ್ಚಿದರು. ವಯಸ್ಸು ಐವತ್ತೊಂದು. ಲಂಡನ್ನಿನ ಹತ್ತಿರ ಬ್ರೂಕ್‌ವುಡ್‌ನ ಸ್ಮಶಾನದಲ್ಲಿ ಅವರನ್ನು ಮಣ್ಣು ಮಾಡಿದರು.

ಎಪ್ಪತ್ತೆರಡನೆಯ ವರ್ಷಕ್ಕೆ ಕಾಲಿಡುತ್ತಿದ್ದ ಗಂಡ ಮುಂಬಯಿಗೆ ಒಬ್ಬರೇ ಬಂದರು. ಹಣದಿಂದ ಕೊಳ್ಳಬಹುದಾದ ಚಿಕಿತ್ಸೆಯೆಲ್ಲವೂ ಅವರಿಗೆ ಎಟುಕುವಂತಿತ್ತು. ಕೊಳ್ಳಲು ಚಿಕಿತ್ಸೆಯೇ ಇರಲಿಲ್ಲ. ಇದನ್ನು ಅವರು ಎಷ್ಟು ಆಳವಾಗಿ ಕಂಡುಕೊಂಡಿದ್ದರೆಂಬುದಕ್ಕೆ ಮುಂದಿನ ಕೆಲಸವೇ ಸಾಕ್ಷಿ. ಸತ್ತವರ ಹೆಸರಿನಲ್ಲಿ ಛತ್ರ ಕಟ್ಟಿಸುವುದು, ಬಾವಿ ತೋಡಿಸುವುದು, ಅನ್ನದಾನಕ್ಕೆ ಬಿಡುವುದು ನಮ್ಮಲ್ಲಿ ಹಿಂದಿನಿಂದ ಬಂದ ಒಳ್ಳೆಯ ಪದ್ಧತಿ. ಪಾರ್ಸಿಗಳೂ ಇಂಥ ದಾನಗಳಿಗೆ ಹೆಸರಾದವರೇ. ದೊರಾಬ್ಜಿಯವರು 1932ರ ಏಪ್ರಿಲ್‌ನಲ್ಲಿ ಸ್ಥಾಪಿಸಿದ ಲೇಡಿ ಟಾಟಾ ಸ್ಮಾರಕ ದತ್ತಿ ಬೇರೆ ಜಾತಿಯದು. ಅದರ ಆದಾಯದ ಐದು ಪಾಲಿನಲ್ಲಿ ನಾಲ್ಕು ಪಾಲು, ರಕ್ತದ ರೋಗಗಳನ್ನು, ಅದರಲ್ಲಿಯೂ ಲ್ಯೂಕೀಮಿಯಾವನ್ನು ಕುರಿತು ಸಂಶೋಧನೆ ಮಾಡುವವರಿಗೆ ಸಲ್ಲಬೇಕು. ಅವರು ಯಾವ ದೇಶದವರಾದರೂ ಸರಿ. ಉಳಿದ ಒಂದು ಪಾಲು, ರೋಗದಿಂದ ಬರುವ ನೋವನ್ನು ತಗ್ಗಿಸುವಂಥ ವಿಜ್ಞಾನದ ಕೆಲಸಕ್ಕೆ ಭಾರತದಲ್ಲಿ ಖರ್ಚಾಗಬೇಕು. ಯಾರಿಗೆ ಕೊಡಬೇಕೆಂಬ ವಿಷಯದಲ್ಲಿ ಸಲಹೆ ಕೊಡಲು ವಿಜ್ಞಾನಿಗಳ ಸಮಿತಿಯೂ ಏರ್ಪಟ್ಟಿತು.

ಈ ಐದನೆಯ ಒಂದು ಪಾಲಿನ ಲೆಕ್ಕ ಕೇಳಿದಾಗ ನನ್ನ ಸ್ನೇಹಿತರೊಬ್ಬರು ಸಿಡುಕಿದರು. ಬಡದೇಶದ ಹಣ ಸಿರಿವಂತ ದೇಶಗಳ ಪ್ರಯೋಗಶಾಲೆಗೆ ಏಕೆ ಹೋಗಬೇಕೆಂಬುದು ಅವರ ಆಕ್ಷೇಪ. ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ 1932ರ ಸ್ಥಿತಿಯನ್ನು ನೆನೆಯಬೇಕು. ಈ ರೋಗವನ್ನು ಅರಿಯಬಲ್ಲ ಪ್ರಯೋಗಶಾಲೆಗಳು ಆಗ ಹೆಚ್ಚಾಗಿ ಯೂರೋಪು ಅಮೇರಿಕಗಳಲ್ಲಿದ್ದವು. ಮದ್ದು ಎಲ್ಲಿ ಹುಟ್ಟಿದರೂ ಅದು ಬೆಳಗಾವಿಯ ಮಗುವಿಗೂ ಬರುತ್ತದೆ. ತನ್ನವರು ಪರರು ಎಂದು ಎಣಿಸುತ್ತ ಕುಳಿತರೆ ಆ ಮಗುವಿಗೆ ಅಷ್ಟು ತಡ. ದೊರಾಬ್ಜಿಯವರದು ವ್ಯಾಪಾರಸ್ಥನ ಲೆಕ್ಕವೇ. ಬಿತ್ತಬೇಕಾದ ಕಡೆ ಬಿತ್ತಿದರು.

ಈ ದತ್ತಿಗೆ ಒಂದು ತಿಂಗಳು ಮುಂಚೆ, ಮಾರ್ಚ್ 11ರಂದು, ಅವರು ಇನ್ನೊಂದು ಪತ್ರಕ್ಕೆ ರುಜು ಹಾಕಿದ್ದರು. ತಮ್ಮ ಉಳಿದ ಸಂಪತ್ತನ್ನೆಲ್ಲ, ಷೇರುಗಳು, ಭೂಮಿ, ಹೆಂಡತಿಯ ಒಡವೆಗಳು, ಕಡೆಗೆ ತಮ್ಮ ಟೈಗೆ ಸಿಕ್ಕಿಸುತ್ತಿದ್ದ ಮುತ್ತಿನ ಪಿನ್ನಿನವರೆಗೆ, ಜಾತಿ ಮತ ದೇಶಗಳ ಭೇದವಿಲ್ಲದೆ ಲೋಕೋಪಕಾರಕ್ಕೆ ಬರೆದುಕೊಟ್ಟರು. ಅದೇ ಸರ್ ದೊರಾಬ್ಜಿ ಟಾಟಾ ಟ್ರಸ್ಟು. ಅದರ ಬೆಲೆ ಆಗ ಒಂದು ಕೋಟಿ ರೂಪಾಯಿಯಷ್ಟೆಂದು ಅಂದಾಜು ಮಾಡಿದ್ದಾರೆ. ಎಲ್ಲವನ್ನೂ ಕೊಟ್ಟ ಮೇಲೆ, ಹೆಂಡತಿಯ ಮೊದಲ ವರ್ಷಾಬ್ದಿಗೆ ಸಮಾಧಿಯನ್ನು ನೋಡಬೇಕೆಂದು ಯೂರೋಪಿಗೆ ಹೊರಟರು. ದಾರಿಯಲ್ಲಿ ಜರ್ಮನಿಯ ಬಾಟ್ ಕಿಸ್ಸಿಂಗೆನ್ ಎಂಬ ಊರಿನಲ್ಲಿ 1932ರ ಜೂನ್ 3ರಂದು ತೀರಿಕೊಂಡರು. ವರ್ಷಾಬ್ದಿಗೆ ಇನ್ನು ಹದಿನೈದೇ ದಿನ ಉಳಿದಿತ್ತು. ಬ್ರೂಕ್‌ವುಡ್‌ನಲ್ಲಿ ಮೆಹರ್‌ಬಾಯಿಯವರ ಪಕ್ಕದಲ್ಲಿಯೇ ಅವರನ್ನೂ ಮಣ್ಣು ಮಾಡಿದರು. ಜ್ಯೂಬಿಲಿ ವಜ್ರ ಎರಡನೆಯ ಸಲ ಪೆಟ್ಟಿಗೆಯಿಂದ ಹೊರಗೆ ಬಂತು. 1937ರಲ್ಲಿ ಮಾರಾಟವಾಗಿ, ಬಂದ ಹಣ ಟ್ರಸ್ಟಿಗೆ ಸೇರಿತು.

ಆ ಹಣವೂ ಸೇರಿದ ನಿಧಿಯಿಂದ ಪರೇಲಿನ ಆಸ್ಪತ್ರೆ ಎದ್ದಿತು. ಮೆಹರ್‌ಬಾಯಿಗೆ ವಿಲಾಯತಿಯಲ್ಲಿ ಸಿಕ್ಕಂಥ ಉಪಚಾರ ಈ ದೇಶದ ಜನಕ್ಕೂ ದೊರೆಯಬೇಕೆಂಬುದು ದೊರಾಬ್ಜಿಯವರ ಬಯಕೆಯಾಗಿತ್ತು. ಅವರ ಮರಣಾನಂತರ ನವರೋಜಿ ಸಕ್ಲಾತ್‌ವಾಲಾ ಅವರು ಆ ಮಾತನ್ನು ಹಿಡಿದು ನಡೆಸಿದರು. ಅವರೂ 1938ರಲ್ಲಿ ಹೋದ ಮೇಲೆ ಜೆ. ಆರ್. ಡಿ. ಟಾಟಾ ಅವರು ಪೂರೈಸಿದರು. 1941ರ ಫೆಬ್ರವರಿ 28ರಂದು 80 ಹಾಸಿಗೆಗಳ ಟಾಟಾ ಸ್ಮಾರಕ ಆಸ್ಪತ್ರೆ ಬಾಗಿಲು ತೆರೆಯಿತು. ಆಗ ಮಹಾಯುದ್ಧ ನಡೆಯುತ್ತಿತ್ತು. 1957ರಲ್ಲಿ ಟ್ರಸ್ಟು ಅದನ್ನು ಭಾರತ ಸರ್ಕಾರದ ಆರೋಗ್ಯ ಇಲಾಖೆಗೆ ಒಪ್ಪಿಸಿತು. 1962ರಲ್ಲಿ ಅದು ಪರಮಾಣು ಶಕ್ತಿ ಇಲಾಖೆಯ ಆಡಳಿತಕ್ಕೆ ಬಂತು. ಆಸ್ಪತ್ರೆಗೂ ಪರಮಾಣುವಿಗೂ ಏನು ಸಂಬಂಧವೆಂದು ನಾನೂ ಬೆರಗಾಗಿದ್ದೆ. ಕ್ಯಾನ್ಸರಿನ ಚಿಕಿತ್ಸೆಯಲ್ಲಿ ವಿಕಿರಣದ ಪಾತ್ರ ದೊಡ್ಡದೆಂಬುದು ಒಂದು ಕಾರಣ. ಆ ಇಲಾಖೆಯ ಮುಖ್ಯಸ್ಥರಾಗಿದ್ದವರು ಹೋಮಿ ಭಾಭಾ. ಮೈಸೂರಿನ ಹೊರ್ಮಸ್‌ಜಿ ಭಾಭಾ ಅವರ ಮೊಮ್ಮಗ, ಮೆಹರ್‌ಬಾಯಿಯವರ ಅಣ್ಣತಮ್ಮಂದಿರ ಮಗ. ಅವರು ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿದ್ದಾಗಲೇ, ಸೋದರತ್ತೆಯ ಗಂಡನ ಹೆಸರಿನ ಟ್ರಸ್ಟಿನ ನೆರವಿನಿಂದ 1945ರಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಆರಂಭಿಸಿದ್ದರು. ಸೋದರತ್ತೆಯ ನೆನಪಿನ ಆಸ್ಪತ್ರೆ ಹೀಗೆ ಸೋದರಳಿಯನ ಇಲಾಖೆಯ ಕೈಸೇರಿತು.

ಇನ್ನು ಲೇಡಿ ಟಾಟಾ ದತ್ತಿ. ಆಸ್ಪತ್ರೆ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಆದ್ದರಿಂದ ಇದರ ಹೆಸರನ್ನು ಕೇಳಿದವರೂ ಕಡಿಮೆ. ಸ್ಥಾಪಕರು ಹೋದ ಮೇಲೆ ಹದಿನಾರು ವರ್ಷ ಲ್ಯೂಕೀಮಿಯಾಕ್ಕೆ ಹೇಳಿಕೊಳ್ಳುವಂಥ ಮದ್ದು ಸಿಕ್ಕಲಿಲ್ಲ. ಇಲಿಗಳ ಮೇಲೆ, ರಕ್ತದ ಹನಿಗಳ ಮೇಲೆ, ಸೂಕ್ಷ್ಮದರ್ಶಕದ ಕೆಳಗೆ ವಿಜ್ಞಾನಿಗಳು ಕಣ್ಣು ನೋಯಿಸಿಕೊಳ್ಳುತ್ತಿದ್ದರು. ದತ್ತಿ ಮಾತ್ರ ಕೊಡುತ್ತಲೇ ಇತ್ತು. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಎಂಬ ವೈದ್ಯರು ಅಮಿನಾಪ್ಟೆರಿನ್ ಎಂಬ ಔಷಧಿಯಿಂದ ಕೆಲವು ಮಕ್ಕಳಲ್ಲಿ ರೋಗವನ್ನು ತಾತ್ಕಾಲಿಕವಾಗಿ ಹಿಮ್ಮೆಟ್ಟಿಸಿದ್ದನ್ನು ಪ್ರಕಟಿಸಿದರು. ಆ ಔಷಧಿ ಸಿದ್ಧವಾದದ್ದು ನಮ್ಮ ನೆರೆಯ ಆಂಧ್ರದವರಾದ ಯಲ್ಲಾಪ್ರಗಡ ಸುಬ್ಬರಾವ್ ಅವರ ಪ್ರಯೋಗಶಾಲೆಯಲ್ಲಿ. ಇದು ದತ್ತಿಯ ಹಣದಿಂದ ಆದದ್ದೆಂದು ನಾನು ಹೇಳುತ್ತಿಲ್ಲ. ಬಾಗಿಲು ಒಂದೇ ಪೆಟ್ಟಿಗೆ ತೆರೆಯುವುದಿಲ್ಲ. ಯಾರ ಪೆಟ್ಟಿಗೆ ತೆರೆಯಿತೆಂದು ಹೇಳುವುದೂ ಕಷ್ಟ. ಅನಂತರದ ದಶಕಗಳಲ್ಲಿ ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವ ಪದ್ಧತಿ ಬಂತು. ಮಕ್ಕಳಿಗೆ ಹೆಚ್ಚಾಗಿ ಬರುವ ಬಗೆಯ ಲ್ಯೂಕೀಮಿಯಾ ಇಂದು ಸಕಾಲದಲ್ಲಿ ಸರಿಯಾದ ಚಿಕಿತ್ಸೆ ಸಿಕ್ಕರೆ ಬಹುಮಟ್ಟಿಗೆ ವಾಸಿಯಾಗುತ್ತದೆ. ದತ್ತಿಯ ವೇತನಗಳು ಹೊರದೇಶಗಳ ಸಂಶೋಧಕರಿಗೂ ನಮ್ಮ ದೇಶದ ತರುಣ ವಿಜ್ಞಾನಿಗಳಿಗೂ ಇಂದಿಗೂ ಹೋಗುತ್ತಿವೆ.

ಕರ್ನಾಟಕದಲ್ಲಿಯೂ ಈಗ ಆಸ್ಪತ್ರೆಗಳಿವೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಇದೆ. ಆದರೂ ಉತ್ತರ ಕರ್ನಾಟಕದ ಎಷ್ಟೋ ಊರುಗಳಿಗೆ ಬೆಂಗಳೂರಿಗಿಂತ ಮುಂಬಯಿಯ ದಾರಿಯೇ ರೂಢಿ. ಹೀಗಾಗಿ ನಮ್ಮ ಮನೆಗಳ ಫೋನು ನಿಂತಿಲ್ಲ.

ಪ್ರಶ್ನೆ ಕೇಳಿದ ಆ ಹಿರಿಯರು ಬಂದದ್ದು ಮೊಮ್ಮಗನನ್ನು ಕರೆದುಕೊಂಡು. ಹುಡುಗನಿಗೆ ಆಗ ಏಳು ವರ್ಷ, ಮೆಹರ್‌ಬಾಯಿಯವರಿಗೆ ಬಂದದ್ದೇ ರೋಗ. ಎರಡೂವರೆ ವರ್ಷ ಅವರು ಬಂದು ಹೋಗಿ ಮಾಡಿದರು; ನಮ್ಮ ಕಪಾಟಿನ ಕೆಳಗಿನ ಅರೆ ಅವರ ಫೈಲುಗಳಿಗೇ ಮೀಸಲಾಗಿತ್ತು. ಈಗ ವರ್ಷಕ್ಕೊಮ್ಮೆ ತೋರಿಸಿಕೊಂಡು ಹೋದರೆ ಸಾಕೆಂದಿದ್ದಾರೆ. ಕಳೆದ ಸಲ ಬಂದಾಗ ಹುಡುಗ ಜೋಗೇಶ್ವರಿಯ ಗುಹೆಯ ದೇವಸ್ಥಾನದ ಮೆಟ್ಟಿಲುಗಳನ್ನು ನನಗಿಂತ ಮುಂದೆ ಇಳಿದುಹೋಗಿ, ಕೆಳಗೆ ನಿಂತು, ಬೇಗ ಬರಬೇಕೆಂದು ಕೈಬೀಸಿ ಕರೆದ. ಅವನ ಅಜ್ಜನಿಗೆ ಕೊಡಬೇಕಾಗಿದ್ದ ಉತ್ತರವನ್ನು ಅಂದು ಸಂಜೆ ಚಹಾ ಕುಡಿಯುತ್ತ ಹೇಳಿದೆ. ಅವರು ಕೇಳಿಕೊಂಡು, ಆ ತಾಯಿಯ ತವರು ಮೈಸೂರೇ ಎಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು.